ಕೀ ಉತ್ತರಕ್ಕೆ ಒಂದು ಆಕ್ಷೇಪಣೆ

ದಿಬ್ಬದ ಓಣಿ, ಧಾರವಾಡ
ಫೆಬ್ರವರಿ ಮೂವತ್ತು, ೨೩೯೧

ಮಾನ್ಯರೇ,

ಮೇಲಿನ ತಾರೀಖು ನೋಡಿ ನೀವು ನಕ್ಕಿರುತ್ತೀರಿ. ಅದು ಕೈತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕ್ಯಾಲೆಂಡರ್ ಪ್ರಶ್ನೆ ಬಿಡಿಸುವಾಗ ಮಕ್ಕಳು ತಡವರಿಸಬಾರದೆಂದು ಹಿರಿಯರು ಹಾಗೆ ಮಾಡಿದರು. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟಿಗೆ ಇಟ್ಟು ‘ಶೇಷ’ ಎಂದು ಕರೆಯುತ್ತೇವೆ. ಶೇಷದಲ್ಲಿ ಹುಟ್ಟಿದವರಿಗೆ ವಾರವಿಲ್ಲ, ಆದ್ದರಿಂದ ಅವರನ್ನು ಜೀವನಪೂರ್ತಿ ರೇಗಿಸುತ್ತಾರೆ. ನನ್ನ ಮಾತಿನ ರೀತಿಯೂ ನಿಮಗೆ ಸ್ವಲ್ಪ ಬಿಗಿ ಅನಿಸಬಹುದು. ನಾವು ಬರೆಯಲು ಕಲಿತದ್ದು ನಿಮ್ಮ ಪ್ರಶ್ನೆಪತ್ರಿಕೆಗಳನ್ನು ನೋಡಿ, ಅದಕ್ಕೆ ಕ್ಷಮೆಯಿರಲಿ. ಹೇಳಬೇಕಾದದ್ದು ಮಾತ್ರ ಸರಳವಾಗಿದೆ. ನನ್ನ ಮಗಳು ಮಹಾನಂದಾ ಒಂದು ಕೆರೆಯ ಒಡ್ಡಿನ ಕೆಳಗೆ ವಾಸವಾಗಿದ್ದಾಳೆ. ಆ ಒಡ್ಡು ಒಡೆಯುವ ಹಾಗಿದೆ. ಅವಳು ಅಲ್ಲಿಂದ ಎದ್ದು ಬರಲು ಒಪ್ಪುತ್ತಿಲ್ಲ. ಅವಳನ್ನು ಎಬ್ಬಿಸುವುದು ನನ್ನ ಕೈಲಿ ಆಗಲಿಲ್ಲ, ನಿಮ್ಮ ಕೈಲಿ ಆದೀತೆಂದು ಬರೆಯುತ್ತಿದ್ದೇನೆ.

ಈ ಕಾಗದ ನಿಮಗೆ ಹೇಗೆ ತಲುಪಿತು ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ‘ಹಿಂದೋಲೆ’ ಎಂಬ ಒಂದು ವ್ಯವಸ್ಥೆ ಇದೆ. ಅದರಲ್ಲಿ ಕಾಗದವನ್ನು ಮಾತ್ರ ಹಿಂದಿನ ಕಾಲಕ್ಕೆ ಕಳಿಸಬಹುದು, ಅದೂ ಒಂದೇ ಕಾರಣಕ್ಕೆ. ಯಾವುದಾದರೂ ಹಳೆಯ ಪ್ರಶ್ನೆಯ ಕೀ ಉತ್ತರ ತಪ್ಪಿದೆ ಎನಿಸಿದರೆ, ಆ ಪ್ರಶ್ನೆಯನ್ನು ಬರೆದ ಕಾಲದವರಿಗೆ ಆಕ್ಷೇಪಣೆ ಸಲ್ಲಿಸಬಹುದು. ಕಾಗದ ಹೋಗಿ ನಿಮ್ಮ ಯಾವುದೋ ಅಭ್ಯಾಸ ಪುಸ್ತಕದ ಹಾಳೆಗಳ ನಡುವೆ ಸೇರಿಕೊಳ್ಳುತ್ತದೆ. ನೀವು ಪ್ರಶ್ನೆ ತೆಗೆಯುವವರಾಗಿರಬಹುದು, ಬಿಡಿಸುವವರಾಗಿರಬಹುದು, ಎರಡು ರೂಪಾಯಿಗೆ ಝೆರಾಕ್ಸ್ ಮಾಡಿಕೊಡುವ ಅಂಗಡಿಯವರಾದರೂ ನಡೆದೀತು. ಹಿಂದೆ ಒಬ್ಬರು ಸಂಖ್ಯಾಶ್ರೇಣಿಯ ಒಂದು ಪ್ರಶ್ನೆಗೆ ಎರಡು ಸರಿಯುತ್ತರ ಇವೆಯೆಂದು ಆಕ್ಷೇಪಿಸಿದ್ದರು. ಮರುದಿನ ಬೆಳಗ್ಗೆ ನಮ್ಮ ಎಲ್ಲ ಪ್ರತಿಗಳಲ್ಲೂ ಆ ಪ್ರಶ್ನೆಯ ಒಂದು ಆಯ್ಕೆ ಬದಲಾಗಿತ್ತು. ಮೊದಲು ಹಾಗಿರಲಿಲ್ಲವೆಂದು ಅವರೊಬ್ಬರೇ ಊರೆಲ್ಲ ಹೇಳುತ್ತಾ ತಿರುಗಿದರು, ಯಾರೂ ನಂಬಲಿಲ್ಲ. ನಾನು ನಂಬಿದೆ.

ನಿಮ್ಮ ಪ್ರಶ್ನೆಗಳಿಗೂ ನನ್ನ ಮಗಳಿಗೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ನಿಮಗೆ ಬಹಳ ವರ್ಷಗಳ ನಂತರ ‘ಮಹಾಮರೆವು’ ಆಯಿತು. ಯಂತ್ರಗಳಲ್ಲಿ ಇಟ್ಟಿದ್ದ ಬರಹವೆಲ್ಲ ಒಂದೇ ಸಲಕ್ಕೆ ಅಳಿಸಿಹೋಯಿತು. ಕಾಗದದಲ್ಲಿ ಇದ್ದದ್ದು ಉಳಿಯಿತು. ಕಾವ್ಯ ಇತ್ತಂತೆ, ಚರಿತ್ರೆ ಇತ್ತಂತೆ, ಒಂದೊಂದು ಪ್ರತಿ ಇದ್ದವೆಲ್ಲ ಗೆದ್ದಲಿನ ಪಾಲಾದವು. ಧಾರವಾಡದಲ್ಲಿ ಗೆದ್ದಲು ತಿಂದರೂ ಮುಗಿಯದಷ್ಟು ಉಳಿದದ್ದು ಮಾದರಿ ಪ್ರಶ್ನೆಪತ್ರಿಕೆಗಳು. ಕೋಚಿಂಗ್ ಸೆಂಟರುಗಳ ಅಟ್ಟದಲ್ಲಿ, ಹುಡುಗರು ಬಾಡಿಗೆಗೆ ಇದ್ದ ರೂಮುಗಳಲ್ಲಿ, ಮೆಸ್ಸುಗಳ ಗೋಡೆಗೂಡುಗಳಲ್ಲಿ, ಎಲ್ಲಿ ನೋಡಿದರೂ ತಾರ್ಕಿಕ ಸಾಮರ್ಥ್ಯದ ಕಟ್ಟುಗಳು. ಬದುಕುವುದು ಹೇಗೆಂದು ಮೊದಲಿನಿಂದ ಕಲಿಯಬೇಕಾಗಿದ್ದ ನಮ್ಮ ಹಿರಿಯರು ಕೈಗೆ ಸಿಕ್ಕಿದ್ದನ್ನು ಓದಿದರು. ಅವರನ್ನು ನಾನು ಬೈಯುವುದಿಲ್ಲ.

ಹೀಗಾಗಿ ನಿಮ್ಮನ್ನು ನಾವು ಬಲ್ಲೆವು, ನಮ್ಮದೇ ರೀತಿಯಲ್ಲಿ. ನೀವು ಯಾವಾಗಲೂ ದುಂಡು ಮೇಜಿನ ಸುತ್ತ ಕೂರುತ್ತಿದ್ದಿರಿ, ಎಡಕ್ಕೆ ಯಾರು, ಬಲಕ್ಕೆ ಯಾರು ಎಂಬುದರ ಮೇಲೆ ನಿಮಗೆ ಬಹಳ ಕಾಳಜಿ ಇತ್ತು. ಊಟಕ್ಕೆ ಏನಿತ್ತೆಂದು ಮಾತ್ರ ಒಬ್ಬರೂ ಬರೆದಿಲ್ಲ. ಬೆಳಗ್ಗೆ ಮನೆ ಬಿಟ್ಟು ಉತ್ತರಕ್ಕೆ ನಡೆದು, ಬಲಕ್ಕೆ ತಿರುಗಿ, ಮತ್ತೆ ಬಲಕ್ಕೆ ತಿರುಗಿ, ಕೊನೆಗೆ ಹೊರಟ ಜಾಗದಿಂದ ಎಷ್ಟು ದೂರ ಬಂದೆವೆಂದು ದಾರಿಹೋಕರನ್ನು ಕೇಳುತ್ತಿದ್ದಿರಿ. ನಿಮಗೆ ಸ್ವಂತ ಅತ್ತೆಯನ್ನು ಅತ್ತೆ ಎನ್ನಲು ಸಂಕೋಚವಿತ್ತು, ಫೋಟೋ ತೋರಿಸಿ, ಈಕೆ ನನ್ನ ತಂದೆಯ ಏಕೈಕ ಮಗನ ಹೆಂಡತಿಯ ತಾಯಿ ಎನ್ನುತ್ತಿದ್ದಿರಿ. ನಮ್ಮ ಮದುವೆಗಳಲ್ಲಿ ಇವತ್ತಿಗೂ ಮದುಮಗ ಬೀಗರನ್ನು ಹೀಗೆಯೇ ಪರಿಚಯಿಸಬೇಕು, ತಡವರಿಸಿದರೆ ಹೆಣ್ಣಿನ ಕಡೆಯವರು ಊಟಕ್ಕೆ ಏಳುವುದಿಲ್ಲ. ನನ್ನ ಗಂಡ ತಡವರಿಸಿ, ನಮ್ಮವ್ವನನ್ನು ತನ್ನ ನಾದಿನಿ ಮಾಡಿಬಿಟ್ಟಿದ್ದ. ಅನ್ನ ಆರಿ ತಣ್ಣಗಾದದ್ದು ನನಗೆ ಇನ್ನೂ ನೆನಪಿದೆ.

ಇದೆಲ್ಲ ನಗುವ ಮಾತು. ನಗಲಾಗದ್ದು ಒಂದಿದೆ. ‘ಹೇಳಿಕೆ ಮತ್ತು ತೀರ್ಮಾನ’ ಎಂಬ ಪ್ರಶ್ನೆಗಳ ಮೇಲೆ ನೀವು ಪ್ರತಿ ಸಲವೂ ಒಂದು ಸೂಚನೆ ಹಾಕಿರುತ್ತೀರಿ. ಕೊಟ್ಟಿರುವ ಹೇಳಿಕೆಗಳು ತಿಳಿದ ಸಂಗತಿಗಳಿಗೆ ವಿರುದ್ಧವಾಗಿ ಕಂಡರೂ ಅವುಗಳನ್ನು ಸತ್ಯವೆಂದೇ ಭಾವಿಸಿ, ಎಂದು. ನಾವು ಅದನ್ನು ‘ತಲೆಸಾಲು’ ಎನ್ನುತ್ತೇವೆ. ಎಲ್ಲ ಬೆಕ್ಕುಗಳೂ ಕುರ್ಚಿಗಳು ಎಂದು ಒಪ್ಪಿಕೊಂಡು ಮುಂದೇನೆಂದು ಯೋಚಿಸುವುದು ಬುದ್ಧಿಗೆ ಒಳ್ಳೆಯ ಸಾಮು, ಅದರಲ್ಲಿ ನನ್ನ ತಕರಾರಿಲ್ಲ. ಪರೀಕ್ಷೆ ಮುಗಿದು ಗಂಟೆ ಬಾರಿಸಿದ ಮೇಲೆ ನೀವು ಹೊರಗೆ ಬಂದು, ಬೆಕ್ಕನ್ನು ಬೆಕ್ಕೆಂದೇ ಕರೆದು ಹಾಲು ಹಾಕುತ್ತಿದ್ದಿರಿ. ಆದರೆ ಗಂಟೆಯ ವಿಷಯವನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರೆದಿರಲಿಲ್ಲ. ಅದರಿಂದ ನಮ್ಮ ಪರೀಕ್ಷೆ ಶುರುವಾಯಿತು, ಮುಗಿಯಲಿಲ್ಲ.

ಈಗ ನಮ್ಮಲ್ಲಿ ಪ್ರತಿ ಓಣಿಯ ಬಾಯಿಗೆ ಒಂದು ಹಲಗೆ ಇದೆ. ‘ಹೇಳಿಕೆ ಮನೆ’ ಎಂಬ ಕಚೇರಿಯವರು ಬೆಳಗ್ಗೆ ಬಂದು ಅದರ ಮೇಲೆ ಆ ದಿನದ ಹೇಳಿಕೆಗಳನ್ನು ಬರೆಯುತ್ತಾರೆ. ಜನ ಹಲ್ಲುಜ್ಜುತ್ತಾ ಬಂದು ಓದಿ, ತಲೆಸಾಲನ್ನು ಮನಸ್ಸಿನಲ್ಲೇ ಅಂದುಕೊಂಡು, ತೀರ್ಮಾನಕ್ಕೆ ಬಂದು ಕೆಲಸಕ್ಕೆ ಹೋಗುತ್ತಾರೆ. ಈ ಸಲ ಜೋಳ ಚೆನ್ನಾಗಿ ಬಂದಿದೆ ಎಂದು ಹಲಗೆ ಹೇಳಿದರೆ, ಖಾಲಿ ಬುಟ್ಟಿ ಹೊತ್ತವರೂ ಹಾಗೆಯೇ ಮಾತಾಡುತ್ತಾರೆ. ಓಣಿಯಲ್ಲಿ ಮೊದಲ ರ್‍ಯಾಂಕ್ ಬಂದವರು ‘ಗುರುತುಗಾರರು’. ಹೇಳಿಕೆಯ ಕೆಳಗೆ, ನಿಮ್ಮ ಪತ್ರಿಕೆಗಳಲ್ಲಿ ಇದ್ದಂತೆಯೇ, ಹಲಗೆಗೆ ಕೆತ್ತಿದ ನಾಲ್ಕು ವೃತ್ತಗಳಿರುತ್ತವೆ, ಗುರುತುಗಾರರು ಇದ್ದಿಲಿನಿಂದ ಸರಿಯಾದದ್ದನ್ನು ತುಂಬುತ್ತಾರೆ, ಓಣಿ ಅದರಂತೆ ನಡೆಯುತ್ತದೆ. ತಪ್ಪು ತುಂಬಿದರೆ ಗುರುತುಗಾರರ ಅಂಕ ಕಳೆಯುತ್ತದೆ, ಮೂರು ಪೀಳಿಗೆಯವರೆಗೆ ಅವರ ಮನೆಯವರನ್ನು ಜನ ಮಾತಿನಲ್ಲೇ ಕುಟುಕುತ್ತಾರೆ. ನಾನು ಕಸ್ತೂರೆವ್ವ ಕುಂದಗೋಳ, ಹೇಳಿಕೆ ಮನೆಯಲ್ಲಿ ಹಲಗೆ ಬರೆಯುವ ಕೆಲಸದವಳು. ನನ್ನ ಮಗಳು ತಗ್ಗಿನ ಓಣಿಯ ಗುರುತುಗಾರ್ತಿ. ಈ ಮಾತನ್ನು ಹೆಮ್ಮೆಯಿಂದ ಹೇಳುತ್ತಿದ್ದ ಕಾಲವೂ ಇತ್ತು.

ತಗ್ಗಿನ ಓಣಿಯ ತಲೆಯ ಮೇಲೆ ಮೇಲ್ಕೆರೆ ಇದೆ, ಮಣ್ಣಿನ ಒಡ್ಡು. ಮಳೆಗಾಲ ಮುಗಿದಾಗಿನಿಂದ ಒಡ್ಡಿನ ಬುಡದಲ್ಲಿ ನೀರು ಜಿನುಗುತ್ತಿತ್ತು. ಮೊದಲು ತಿಳಿಯಾಗಿ ಬರುತ್ತಿತ್ತು, ಹೆಂಗಸರು ಅಲ್ಲೇ ಪಾತ್ರೆ ತೊಳೆದುಕೊಳ್ಳುತ್ತಿದ್ದರು. ಕಳೆದ ವಾರ ಒಂದು ದಿನ ರಾಡಿಯಾಗಿ ಬರತೊಡಗಿತು. ರಾಡಿ ನೀರೆಂದರೆ ಒಡ್ಡಿನ ಹೊಟ್ಟೆಯ ಮಣ್ಣೇ ಹೊರಗೆ ಬರುತ್ತಿದೆ ಎಂದು ಯಾರಾದರೂ ತಿಳಿಯಬಹುದು, ತಿಳಿದರು ಕೂಡ. ಅದೇ ದಿನ ಹೇಳಿಕೆ ಮನೆಯ ಮುಖ್ಯಸ್ಥರಾದ ಗುರುಪಾದ ಸರ್ ನನಗೆ ಬರೆಸಿದ್ದು ಇಷ್ಟು: ಎಲ್ಲ ಒಡ್ಡುಗಳೂ ಭದ್ರವಾಗಿವೆ. ಮೇಲ್ಕೆರೆಗೆ ಒಡ್ಡು ಇದೆ. ತಗ್ಗಿನ ಓಣಿಯವರು ಪಾದ ಮುಳುಗುವಷ್ಟು ಕೆಸರುನೀರಿನಲ್ಲಿ ನಿಂತು ಅದನ್ನು ಓದಿದರು. ಮೇಲ್ಕೆರೆಯ ಒಡ್ಡು ಭದ್ರ ಎಂಬ ತೀರ್ಮಾನವನ್ನು ಮಹಾನಂದಾ ತುಂಬಿದಳು. ತರ್ಕದ ಪ್ರಕಾರ ಅದು ಸರಿಯುತ್ತರವೇ.

ನಾನು ಹಲಗೆ ಬರೆದ ಕೈಯನ್ನು ಸೆರಗಿಗೆ ಒರೆಸಿಕೊಂಡು ನೇರ ಅವಳ ಮನೆಗೆ ಹೋದೆ. ಹೊಸ್ತಿಲಿಗೆ ಇಟ್ಟಿಗೆ ಅಡ್ಡ ಇಟ್ಟಿದ್ದಳು, ಒಳಗೆ ಮಂಚದ ಮೇಲೆ ಕುಳಿತು ಬರುವ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದಳು. ನೀರಿನ ಬಣ್ಣ ನೋಡಿದೆಯಾ ಎಂದು ಕೇಳಿದೆ. ಅವಳು ಪುಸ್ತಕದಿಂದ ತಲೆಯೆತ್ತದೆ, “ಅವ್ವಾ, ಹೊರಗಿಂದು ಒಳಗ ತರಬ್ಯಾಡ. ರಾಡಿ ನೀರಿನ ಮಾತು ಹೇಳಿಕೆಯಾಗ ಇಲ್ಲ” ಎಂದಳು. ನಮ್ಮಲ್ಲಿ ಮಗುವಿಗೆ ಮಾತು ಬಂದ ಕೂಡಲೇ ಕಲಿಸುವ ಪಾಠ ಇದು. ಹೊರಗಿನ ತಿಳಿವಳಿಕೆಯನ್ನು ಪ್ರಶ್ನೆಯೊಳಗೆ ತರುವವರು ಫೇಲಾಗುತ್ತಾರೆ. ನನಗೆ ಸಿಟ್ಟು ಬಂತು, ಬೈದೆ. ಅವಳು ಚಹಾ ಮಾಡಿಕೊಟ್ಟಳು, ಅದರಲ್ಲಿಯೂ ಕೆರೆಯ ಮಣ್ಣಿನ ವಾಸನೆ ಇತ್ತು.

ಆಗ ನನಗೊಂದು ಯೋಚನೆ ಬಂತು. ಇವರು ಕಣ್ಣನ್ನು ನಂಬುವುದಿಲ್ಲ, ಹಲಗೆಯನ್ನು ನಂಬುತ್ತಾರೆ. ಹಲಗೆ ಬರೆಯುವವಳು ನಾನೇ ಅಲ್ಲವೇ? ಮರುದಿನ ಗುರುಪಾದ ಸರ್ ಬರೆಸಿದ್ದನ್ನು ಪಕ್ಕಕ್ಕಿಟ್ಟು, ಮೇಲ್ಕೆರೆಯ ಒಡ್ಡು ಭದ್ರವಾಗಿಲ್ಲ, ಅದು ಒಡೆಯಬಹುದು ಎಂದು ದೊಡ್ಡದಾಗಿ ಬರೆದೆ. ಜೀವನದಲ್ಲಿ ಮೊದಲ ಸಲ ಹಲಗೆಯ ಮೇಲೆ ನಿಜ ಬರೆದಿದ್ದೆ. ಗದ್ದಲವಾಗುತ್ತದೆ, ನನ್ನನ್ನು ಕೆಲಸದಿಂದ ತೆಗೆಯುತ್ತಾರೆ, ಇರಲಿ, ಓಣಿ ಖಾಲಿಯಾದರೆ ಸಾಕು ಎಂದುಕೊಂಡಿದ್ದೆ. ಗದ್ದಲವೇನೂ ಆಗಲಿಲ್ಲ. ನಿನ್ನೆ ಭದ್ರವೆಂದು ಒಪ್ಪಿದವರು ಇಂದು ಭದ್ರವಲ್ಲವೆಂದು ಅದೇ ಮುಖದಲ್ಲಿ ಒಪ್ಪಿದರು. ಗುರುಪಾದ ಸರ್ ಕಚೇರಿಗೆ ಬರುವ ದಾರಿಯಲ್ಲಿ ಹಲಗೆ ಓದಿಕೊಂಡು ಬಂದು, “ಕಸ್ತೂರಾ, ಒಡ್ಡು ಭದ್ರ ಇಲ್ಲಂತ. ಪಾಪ, ತಗ್ಗಿನ ಓಣಿಯವರು” ಎಂದು ನನಗೇ ಹೇಳಿದರು. ತಾವು ಬೇರೆ ಬರೆಸಿದ್ದೆವೆಂಬುದು ಅವರಿಗೆ ಅಡ್ಡಿಯಾಗಲಿಲ್ಲ. ನನಗೆ ನಿಜವಾಗಿ ಭಯ ಹುಟ್ಟಿದ್ದು ಆ ಕ್ಷಣದಲ್ಲಿ.

ಮಾನ್ಯರೇ, ನಿಮಗೆ ‘ಹೇಳಿಕೆ ಮತ್ತು ಕ್ರಮ’ ಎಂಬ ಇನ್ನೊಂದು ಬಗೆಯ ಪ್ರಶ್ನೆ ಗೊತ್ತೇ ಇದೆ. ಒಂದು ತೊಂದರೆಯನ್ನು ಹೇಳಿ, ಕೆಳಗೆ ಎರಡು ಕ್ರಮಗಳನ್ನು ಕೊಟ್ಟು, ಯಾವುದು ಸೂಕ್ತವೆಂದು ಕೇಳುವುದು. ಹಲಗೆಯ ಮೇಲೆ ತೊಂದರೆ ಕಂಡ ದಿನ ಕ್ರಮಗಳನ್ನು ಬರೆಯುವುದು ಗುರುತುಗಾರರ ಕೆಲಸ. ಮಹಾನಂದಾ ಅಂದವಾದ ಅಕ್ಷರದಲ್ಲಿ ಬರೆದಳು. ಒಂದನೆಯದು, ತಗ್ಗಿನ ಓಣಿಯ ಎಲ್ಲರೂ ಕೂಡಲೇ ದಿಬ್ಬ ಹತ್ತಬೇಕು. ಎರಡನೆಯದು, ಒಡ್ಡಿನ ಸ್ಥಿತಿಯನ್ನು ಪರಿಶೀಲಿಸಲು ಸಮಿತಿ ನೇಮಿಸಬೇಕು. ನಿಮ್ಮ ಕಾಲದ ಕೋಚಿಂಗ್ ಗುರುಗಳು ಕಲಿಸಿದ ಒಂದು ಉಪಾಯ ನಮಗೆ ಬಾಯಿಪಾಠವಾಗಿದೆ. ‘ಎಲ್ಲರೂ’, ‘ಕೂಡಲೇ’, ‘ಸಂಪೂರ್ಣ’ ಎಂಬ ಮಾತು ಇರುವ ಉತ್ತರ ಅತಿರೇಕದ್ದು, ಅದನ್ನು ಮೊದಲು ಹೊಡೆದುಹಾಕಬೇಕು. ಅವಳು ಇದ್ದಿಲು ಎತ್ತಿ, ಎರಡನೆಯದು ಮಾತ್ರ ಸೂಕ್ತ ಎಂಬ ವೃತ್ತವನ್ನು ಒಂದಿಷ್ಟೂ ಹೊರಗೆ ಹೋಗದಂತೆ ತುಂಬಿದಳು. ಅವಳ ಸುತ್ತ ನಿಂತವರು ಸರಿ ಸರಿ ಎಂದು ತಲೆಯಾಡಿಸಿದರು.

ಸಮಿತಿ ಬಂದಿದೆ. ಒಡ್ಡಿನ ಬುಡದಲ್ಲೇ ದುಂಡು ಮೇಜು ಹಾಕಿಸಿಕೊಂಡು, ಎಲ್ಲರೂ ಕೇಂದ್ರಕ್ಕೆ ಮುಖಮಾಡಿ ಕುಳಿತಿದ್ದಾರೆ. ಒಬ್ಬರು ಮಾತ್ರ ಹೊರಕ್ಕೆ ಮುಖಮಾಡಿದ್ದಾರೆ, ಅವರಿಗೆ ಒಡ್ಡು ಕಾಣುತ್ತದೆ. ನಿಮ್ಮ ಪ್ರಶ್ನೆಗಳಲ್ಲಿ ಹೊರಕ್ಕೆ ಮುಖಮಾಡಿದವರ ಎಡಬಲ ಯಾರೆಂದು ಕೇಳುತ್ತಾರೆಯೇ ಹೊರತು ಅವರಿಗೆ ಏನು ಕಾಣುತ್ತದೆಂದು ಯಾರೂ ಕೇಳುವುದಿಲ್ಲ. ಇಲ್ಲಿಯೂ ಕೇಳಲಿಲ್ಲ. ಆ ಮನುಷ್ಯನ ಮುಖ ನೋಡಿದೆ, ಅವನು ಬೆವರುತ್ತಿದ್ದ. ನೀರು ಮೇಜಿನ ಕಾಲಿನ ಅರ್ಧಕ್ಕೆ ಬಂದಿತ್ತು.

ಇವತ್ತು ಮಧ್ಯಾಹ್ನ ಮತ್ತೆ ಓಣಿಗೆ ಇಳಿದೆ. ಮಗಳ ಪಕ್ಕದ ಮನೆಯ ಹಜರತಬಿ ತನ್ನ ಕೋಳಿಗಳನ್ನು ಒಂದೊಂದಾಗಿ ಮಾಳಿಗೆಗೆ ಏರಿಸುತ್ತಿದ್ದಳು. ಕೋಳಿಗಳಿಗೆ ತಲೆಸಾಲು ಇಲ್ಲ, ಪುಣ್ಯ ಮಾಡಿದ್ದವು. ನೀನೂ ಹತ್ತಿ ದಿಬ್ಬಕ್ಕೆ ಬಾ ಎಂದೆ. ಮಹಾನಂದಾ ಎದ್ದರೆ ತಾನೂ ಏಳುತ್ತೇನೆ, ಓಣಿಯೇ ಏಳುತ್ತದೆ ಎಂದಳು. ಒಳಗೆ ಹೋಗಿ ಮಗಳ ರಟ್ಟೆ ಹಿಡಿದು ಎಳೆದೆ. ಅವಳು ಜಗ್ಗಲಿಲ್ಲ. ಸಣ್ಣವಳಿದ್ದಾಗ ಸಾಲೆಗೆ ಹೋಗುವುದಿಲ್ಲವೆಂದು ಕಂಬ ಹಿಡಿದು ನಿಲ್ಲುತ್ತಿದ್ದಳು, ಅದೇ ಬಲ. ನನಗೆ ಅಳು ಬಂದುಬಿಟ್ಟಿತು. ಮಗಳ ಎದುರು ಅಳಬಾರದೆಂಬ ಹಟ ನನ್ನಲ್ಲಿ ಉಳಿದಿರಲಿಲ್ಲ. ಅವಳು ನನ್ನನ್ನು ಮಂಚದ ಮೇಲೆ ಕೂರಿಸಿ, ತಗ್ಗಿದ ದನಿಯಲ್ಲಿ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ, ಯಾಕೆಂದರೆ ನನ್ನ ಆಕ್ಷೇಪಣೆಗೆ ಇದೇ ಆಧಾರ.

“ನನಗೂ ಕಣ್ಣದಾವ ಬೇ. ಅದು ಉಳಿಯೂದಿಲ್ಲಂತ ನನಗೂ ಗೊತ್ತೈತಿ. ಆದರ ಓಣಿನೆಲ್ಲಾ ಎಬ್ಬಿಸಿಕೊಂಡು ಹೋದ ಮ್ಯಾಲ ಅದು ಒಡೀಲಿಲ್ಲಂದ್ರ, ನನ್ನ ಉತ್ತರ ತಪ್ಪಾಗತೈತಿ. ಇಲ್ಲೇ ಇದ್ದಾಗ ಒಡದ್ರ, ತಪ್ಪಂತ ಹೇಳಾಕ ಯಾರು ಉಳಿದಿರ್ತಾರ?”

ಅಲ್ಲಿಯವರೆಗೆ ನಾನು, ಇವಳಿಗೆ ಕಾಣುತ್ತಿಲ್ಲ, ಕಾಣಿಸಿದರೆ ಬರುತ್ತಾಳೆ ಎಂದುಕೊಂಡಿದ್ದೆ. ಕುರುಡಿದ್ದರೆ ಕೈಹಿಡಿದು ಕರೆದುಕೊಂಡು ಹೋಗಬಹುದು. ಎಲ್ಲವೂ ಕಾಣುವವಳನ್ನು ಏನು ಮಾಡಲಿ? ಅವಳಿಗೆ ನೀರಿಗಿಂತ ತಪ್ಪುತ್ತರದ ಭಯ ಹೆಚ್ಚು. ಅವಳು ಕೆಟ್ಟವಳಲ್ಲ, ದಡ್ಡಿಯಂತೂ ಅಲ್ಲವೇ ಅಲ್ಲ. ಅವಳ ಮುಂದೆ ನಾಲ್ಕು ವೃತ್ತಗಳಿವೆ, ಹುಟ್ಟಿದಾಗಿನಿಂದ ಅವಳ ಲೋಕ ಅಷ್ಟೇ. ದಿಬ್ಬ ಹತ್ತುವ ಮಾತಿರುವವು ಅತಿರೇಕವೆಂದು ಮೊದಲೇ ಹೊಡೆದುಹೋಗಿವೆ, ಉಳಿದವುಗಳಲ್ಲಿ ಯಾವುದನ್ನು ತುಂಬಿದರೂ ಅವಳು ಮಂಚದ ಮೇಲೆಯೇ ಇರುತ್ತಾಳೆ.

ನಾನು ಅಲ್ಲಿಂದ ಎದ್ದು ಹಿಂದೋಲೆ ಕಚೇರಿಗೆ ಓಡಿ ಬಂದಿದ್ದೇನೆ. ಬಾಗಿಲು ಹಾಕುವ ಹೊತ್ತಾಯಿತೆಂದು ಕ್ಲರ್ಕು ಬೀಗ ಹಿಡಿದು ನಿಂತಿದ್ದಾನೆ, ಅವನನ್ನು ಗದರಿಸಿ ಬರೆಯುತ್ತಿದ್ದೇನೆ. ನನ್ನ ಆಕ್ಷೇಪಣೆ ಯಾವ ಒಂದು ಪ್ರಶ್ನೆಯ ಮೇಲೂ ಅಲ್ಲ. ನೀವು ಅಭ್ಯಾಸ ಮಾಡಿ, ಚೆನ್ನಾಗಿ ಮಾಡಿ, ನೌಕರಿ ಸಿಗಲಿ, ಮನೆಯವರು ಸಂತೋಷಪಡಲಿ. ತಲೆಸಾಲನ್ನೂ ತೆಗೆಯಬೇಡಿ. ನಾನು ಕೇಳುವುದು ಇಷ್ಟೇ: ನಾಲ್ಕು ಆಯ್ಕೆಗಳ ಕೆಳಗೆ ಇನ್ನೊಂದನ್ನು ಸೇರಿಸಿ. ನಿಮ್ಮ ಕೆಲವು ಪತ್ರಿಕೆಗಳಲ್ಲಿ ಉತ್ತರಿಸದೆ ಬಿಟ್ಟವರಿಗಾಗಿ ಒಂದು ಹೆಚ್ಚಿನ ವೃತ್ತ ಇತ್ತೆಂದು ಬಲ್ಲೆ, ಅದು ಬೇಡ. ಬಿಟ್ಟು ಕೂರುವುದು ನಮಗೆ ಚೆನ್ನಾಗಿ ಬರುತ್ತದೆ. ಸಣ್ಣ ಅಕ್ಷರದಲ್ಲಾದರೂ ಸರಿ, ಹೀಗೆ ಬರೆಯಿರಿ: ‘ಎದ್ದು ಹೋಗಿ ನೋಡಿ, ಕಂಡದ್ದರಂತೆ ಮಾಡಿ.’ ಪುಸ್ತಕ ಬರೆಯುವವರಾದರೆ ಅಚ್ಚಿನಲ್ಲಿ ಹಾಕಿ. ಬಿಡಿಸುವವರಾದರೆ ನಿಮ್ಮ ಪ್ರತಿಯಲ್ಲಿ ಪೆನ್ನಿನಿಂದ ಬರೆದಿಡಿ, ಗೆಳೆಯರಿಗೆ ಝೆರಾಕ್ಸ್ ಕೊಡುವಾಗ ಅದೂ ಹೋಗಲಿ. ಯಾವ ಪ್ರತಿ ನಮ್ಮವರೆಗೆ ಉಳಿದು ಬರುತ್ತದೋ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಯಾರೂ ಬಿಡಬೇಡಿ. ನೀವು ಬರೆದಿದ್ದರೆ ನಾಳೆ ನಮ್ಮ ಹಲಗೆಯಲ್ಲಿ ಅದು ಮೊದಲಿನಿಂದಲೂ ಇದ್ದಂತೆ ಇರುತ್ತದೆ. ನಾನೇ ಒಂದು ವೃತ್ತ ಗೀಚಿದರೆ ನಡೆಯುವುದಿಲ್ಲ, ನಿಮ್ಮ ಪತ್ರಿಕೆಗಳಲ್ಲಿ ಇಲ್ಲದ್ದು ಅವಳಿಗೆ ಆಯ್ಕೆಯೇ ಅಲ್ಲ. ನನ್ನ ಮಗಳು ನಿಯಮ ಮುರಿಯುವವಳಲ್ಲ. ವೃತ್ತ ಇದ್ದರೆ ತುಂಬುತ್ತಾಳೆ, ತುಂಬಿದರೆ ಏಳುತ್ತಾಳೆ.

ಇದನ್ನು ಕೊಟ್ಟು ನಾನು ತಗ್ಗಿನ ಓಣಿಗೆ ಇಳಿಯುತ್ತೇನೆ. ಅವಳ ಮಂಚದಲ್ಲಿ ಇಬ್ಬರಿಗೆ ಜಾಗವಿದೆ. ಬೆಳಗ್ಗೆ ಹಲಗೆಯ ಮುಂದೆ ಅವಳ ಜೊತೆ ನಿಂತು ವೃತ್ತಗಳನ್ನು ಎಣಿಸುತ್ತೇನೆ. ನಾಲ್ಕೇ ಇದ್ದರೆ ನೀವು ಬರೆಯಲಿಲ್ಲವೆಂದು ತಿಳಿದುಕೊಳ್ಳುತ್ತೇನೆ, ಅವಳೊಂದಿಗೆ ಒಳಗೆ ಹೋಗಿ ಕೂರುತ್ತೇನೆ.

ಇಂತಿ,
ಕಸ್ತೂರೆವ್ವ ಕುಂದಗೋಳ
ಮಹಾನಂದಾಳ ತಾಯಿ